ರಸ್ತೆ ಬದಿಯಲ್ಲಿ ಕೂತಿದ್ದ ಗಿಡುಗ: ಒಂದು ವೆಸ್ಟ್ ನೈಲ್ ಪ್ರಕರಣ

ಈ ಪ್ರಕರಣದಲ್ಲಿ ನಮ್ಮ ಮೊದಲ ತಪ್ಪು ಹಕ್ಕಿ ಕೈಗೆ ಬರುವ ಮುಂಚೆಯೇ ಆಗಿಹೋಗಿತ್ತು. ಫೋನ್ ಎತ್ತಿದವರು ದಾಖಲೆ ಹಾಳೆಯಲ್ಲಿ ‘ಕಾರಣ’ ಎಂಬ ಜಾಗದಲ್ಲಿ ‘ವಾಹನ ಡಿಕ್ಕಿ’ ಎಂದು ಬರೆದುಬಿಟ್ಟಿದ್ದರು. ಡಿಕ್ಕಿ ಹೊಡೆದದ್ದನ್ನು ಯಾರೂ ನೋಡಿರಲಿಲ್ಲ. ಹಕ್ಕಿ ರಸ್ತೆ ಬದಿಯಲ್ಲಿ ಕೂತಿತ್ತು, ಹತ್ತಿರ ಹೋದರೂ ಹಾರಲಿಲ್ಲ. ಅಷ್ಟೇ.

ನಮ್ಮದು ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿರುವ ಒಂದು ಸಣ್ಣ ಕೇಂದ್ರ. ಗಾಯಗೊಂಡ, ಕಾಯಿಲೆ ಬಿದ್ದ ಬೇಟೆ ಹಕ್ಕಿಗಳನ್ನು ಆರೈಕೆ ಮಾಡಿ ಕಾಡಿಗೆ ಬಿಡುವ ಕೆಲಸ. ನಾನು ಅಲ್ಲಿ ವಾರಕ್ಕೆ ಮೂರು ದಿನ ಪಶುವೈದ್ಯನಾಗಿ ಕೆಲಸ ಮಾಡುತ್ತೇನೆ. ಊರು, ಕೇಂದ್ರ, ಜನ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ವರ್ಷವನ್ನೂ ಬಿಟ್ಟಿದ್ದೇನೆ, 2022ರ ನಂತರದ್ದು ಎಂದರೆ ಸಾಕು. ಆ ಇಸವಿ ಯಾಕೆ ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹಿನ್ನೆಲೆ

ವೆಸ್ಟ್ ನೈಲ್ ವೈರಸ್ಸನ್ನು ಮೊದಲು ಪತ್ತೆ ಹಚ್ಚಿದ್ದು 1937ರಲ್ಲಿ, ಉಗಾಂಡದ ವೆಸ್ಟ್ ನೈಲ್ ಜಿಲ್ಲೆಯಲ್ಲಿ, ಜ್ವರ ಬಂದಿದ್ದ ಒಬ್ಬ ಮಹಿಳೆಯ ರಕ್ತದಲ್ಲಿ. ಅಮೆರಿಕಕ್ಕೆ ಅದು ಬಂದದ್ದು ಗೊತ್ತಾದದ್ದು 1999ರಲ್ಲಿ, ನ್ಯೂಯಾರ್ಕಿನಲ್ಲಿ. ಆಗ ನಡೆದದ್ದು ನಮ್ಮ ಕಥೆಗೂ ಹೊಂದುತ್ತದೆ. ಜನರಿಗೆ ಮಿದುಳಿನ ಉರಿಯೂತ ಬರುತ್ತಿತ್ತು. ಅದಕ್ಕೆ ಮೊದಲು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದು ಹೆಸರಿಟ್ಟರು. ಅದೂ ಸೊಳ್ಳೆಯಿಂದ ಬರುವ, ಬೇರೊಂದು ವೈರಸ್ಸಿನ ಕಾಯಿಲೆ. ಅದೇ ಹೊತ್ತಿಗೆ ಕಾಗೆಗಳು ಬೀದಿಯಲ್ಲಿ ಬಿದ್ದು ಸಾಯುತ್ತಿದ್ದವು. ಬ್ರಾಂಕ್ಸ್ ಮೃಗಾಲಯದ ರೋಗಶಾಸ್ತ್ರಜ್ಞೆ ಟ್ರೇಸಿ ಮ್ಯಾಕ್‌ನಮಾರ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿ, ಎರಡೂ ಒಂದೇ ಕಾಯಿಲೆ ಇರಬೇಕು ಎಂದು ಹಟ ಹಿಡಿದರು. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ, ಹಾಗಾಗಿ ಹೆಸರೇ ತಪ್ಪು ಅನ್ನುವುದು ಅವರ ವಾದ. ಅದೇ ನಿಜವಾಯಿತು. ಮೊದಲು ಅಂಟಿಸಿದ ಚೀಟಿ ಕಿತ್ತುಹಾಕುವುದು ಎಷ್ಟು ಕಷ್ಟ ಅಲ್ವಾ!

ಮೂರೇ ವರ್ಷದಲ್ಲಿ ವೈರಸ್ ದೇಶದ ನಡುಭಾಗ ದಾಟಿತು. ನಮ್ಮ ಕೇಂದ್ರದ ಹಳಬರು 2002ರ ಬೇಸಿಗೆಯ ಕೊನೆಯನ್ನು ಈಗಲೂ ನೆನೆಸಿಕೊಳ್ಳುತ್ತಾರೆ. ಗ್ರೇಟ್ ಹಾರ್ನ್ಡ್ ಗೂಬೆಗಳು, ಕೆಂಪು ಬಾಲದ ಗಿಡುಗಗಳು ಒಂದರ ಹಿಂದೆ ಒಂದು ಬರುತ್ತಿದ್ದವಂತೆ. ಈ ಎರಡು ಜಾತಿಗಳಿಗೆ ಈ ಕಾಯಿಲೆ ಜಾಸ್ತಿ ಕಾಟ ಕೊಡುತ್ತದೆ.

ಹರಡುವುದು ಮುಖ್ಯವಾಗಿ ಕ್ಯೂಲೆಕ್ಸ್ ಸೊಳ್ಳೆಯಿಂದ. ಸೋಂಕಿರುವ ಹಕ್ಕಿಯ ರಕ್ತ ಹೀರಿದ ಸೊಳ್ಳೆ ಕೆಲವು ದಿನಗಳ ನಂತರ ಇನ್ನೊಂದು ಹಕ್ಕಿಗೆ ದಾಟಿಸುತ್ತದೆ. ಮನುಷ್ಯನಿಗೂ ಕುದುರೆಗೂ ಬರುತ್ತದೆ, ಆದರೆ ಸರಪಳಿ ಅಲ್ಲಿಗೆ ನಿಲ್ಲುತ್ತದೆ. ನಮ್ಮ ರಕ್ತದಲ್ಲಿ ಸೊಳ್ಳೆಗೆ ದಾಟುವಷ್ಟು ವೈರಸ್ ಇರುವುದಿಲ್ಲ. ಬೇಟೆ ಹಕ್ಕಿಗಳಿಗೆ ಮಾತ್ರ ಇನ್ನೊಂದು ದಾರಿಯೂ ಇದೆ: ಊಟ. ಸೋಂಕಿರುವ ಬೇಟೆಯನ್ನು ತಿಂದರೂ ಅಂಟುತ್ತದೆ. 2013ರ ಡಿಸೆಂಬರಿನಲ್ಲಿ ಯೂಟಾದ ಗ್ರೇಟ್ ಸಾಲ್ಟ್ ಲೇಕ್ ಸುತ್ತ ಹತ್ತಾರು ಬೋಳು ಹದ್ದುಗಳು ಸತ್ತವು. ಕೊರೆಯುವ ಚಳಿ, ಒಂದು ಸೊಳ್ಳೆಯೂ ಇಲ್ಲದ ಕಾಲ. ಅವು ಸರೋವರದಲ್ಲಿ ಕಾಯಿಲೆಯಿಂದ ಸತ್ತುಬಿದ್ದಿದ್ದ ಗ್ರೀಬ್ ಎಂಬ ನೀರುಹಕ್ಕಿಗಳನ್ನು ತಿಂದಿದ್ದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆವು ಅನ್ನುವುದೇ ಈ ಬರಹ.

ಹಕ್ಕಿ ಬಂದ ದಿನ

ಆಗಸ್ಟ್ ಎರಡನೇ ವಾರ. ರಟ್ಟಿನ ಡಬ್ಬಿಯಲ್ಲಿ ತಂದಿದ್ದರು. ದೊಡ್ಡ ಹೆಣ್ಣು, ಬಾಲ ಇಟ್ಟಿಗೆ ಕೆಂಪು, ಅಂದರೆ ವಯಸ್ಸಿಗೆ ಬಂದದ್ದು. ಮುಚ್ಚಳ ತೆಗೆದಾಗ ಕೆಂಪು ಬಾಲದ ಗಿಡುಗ ಸಾಮಾನ್ಯವಾಗಿ ಬೆನ್ನ ಮೇಲೆ ಮಲಗಿ ಎರಡೂ ಕಾಲು ಮುಂದೆ ಚಾಚಿ ಉಗುರು ತೋರಿಸುತ್ತದೆ. ಇದು ಸುಮ್ನೆ ಮೇಲೆ ನೋಡಿತು. ನೋಡಿತು ಅನ್ನುವುದೂ ತಪ್ಪು. ಮುಖ ನಮ್ಮ ಕಡೆ ಇತ್ತು.

ಮೂಳೆ ಮುರಿದಿರಲಿಲ್ಲ. ರೆಕ್ಕೆ, ಕಾಲು ಎಲ್ಲ ಸರಿ. ಮೈ ಮೇಲೆ ಗಾಯ ಇಲ್ಲ, ಕಿವಿಯಲ್ಲಿ ರಕ್ತ ಇಲ್ಲ. ಎಕ್ಸ್‌ರೇ ಶುದ್ಧ. ಹಾಳೆಯಲ್ಲಿ ‘ವಾಹನ ಡಿಕ್ಕಿ’ ಇದ್ದುದರಿಂದ ತಲೆಗೆ ಏಟು ಬಿದ್ದಿರಬೇಕು ಎಂದು ತೀರ್ಮಾನಿಸಿದೆವು. ಕತ್ತಲೆ ಕೋಣೆ, ದ್ರವ, ಉರಿಯೂತ ಇಳಿಸುವ ಮೆಲಾಕ್ಸಿಕಾಮ್. ತಲೆ ಏಟಿಗೆ ಮಾಡುವುದೇ ಅದು.

ಆದರೆ ಆ ದಿನದ ಟಿಪ್ಪಣಿಯನ್ನು ಈಗ ಓದಿದರೆ ಎರಡು ಸಾಲುಗಳು ಕಣ್ಣಿಗೆ ಹೊಡೆಯುತ್ತವೆ. ಎರಡನ್ನೂ ಬರೆದವನು ನಾನೇ. ಒಂದು: ‘ತೂಕ 1,020 ಗ್ರಾಂ, ಎದೆಮೂಳೆ ಚೂಪು.’ ಎದೆಮೂಳೆಯ ಎರಡೂ ಪಕ್ಕದ ಮಾಂಸ ಕರಗಿ, ಬೆರಳಿಗೆ ಚಾಕುವಿನ ಬೆನ್ನಿನಂತೆ ಸಿಗುತ್ತಿತ್ತು. ಇವತ್ತು ಬೆಳಿಗ್ಗೆ ಕಾರಿಗೆ ಬಡಿದ ಹಕ್ಕಿ ಇವತ್ತೇ ಸೊರಗುವುದಿಲ್ಲ. ಇದು ಎಷ್ಟೋ ದಿನದಿಂದ ಸರಿಯಾಗಿ ತಿಂದಿಲ್ಲ. ಎರಡು: ‘ಹಿಕ್ಕೆಯ ಬಿಳಿ ಭಾಗ ಎಲೆ ಹಸಿರು.’ ಹಸಿವಿದ್ದರೂ ಹಾಗಾಗುತ್ತದೆ, ಸೀಸದ ನಂಜಿನಲ್ಲೂ ಆಗುತ್ತದೆ, ಯಕೃತ್ತು ಕೆಟ್ಟರೂ ಆಗುತ್ತದೆ. ಹೇಗೇ ಇರಲಿ, ಡಿಕ್ಕಿಯ ಕಥೆಗಿಂತ ಹಳೆಯದೇನೋ ಒಳಗೆ ನಡೆದಿದೆ ಎಂದು ಆ ಎರಡು ಸಾಲು ಹೇಳುತ್ತಿದ್ದವು. ನಾನು ಬರೆದೆ, ಆದರೆ ಓದಲಿಲ್ಲ.

ಕಾಯಿಲೆ ಬಿದ್ದ ಗಿಡುಗ ಎಲ್ಲಿ ಸಿಗುತ್ತದೆ ಹೇಳಿ? ಕಾಡಿನ ನಡುವೆ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಸ್ತೆ ಬದಿಗೆ ಬಂದು ಕೂತದ್ದು ಮಾತ್ರ ನಮ್ಮ ತನಕ ಬರುತ್ತದೆ. ಹಾಗಾಗಿ ರಸ್ತೆ ಅನ್ನುವುದು ಹಕ್ಕಿ ಸಿಕ್ಕ ಜಾಗ ಅಷ್ಟೇ.

ಹಕ್ಕಿ ಜ್ವರ ಇಲ್ಲ ಎಂಬ ನಿರಾಳ

2022ರ ಆರಂಭದಿಂದ ಅಮೆರಿಕದ ಕಾಡುಹಕ್ಕಿಗಳಲ್ಲಿ ಎಚ್5ಎನ್1 ಹಕ್ಕಿ ಜ್ವರ ಹರಡಿತು. ಬೇಟೆ ಹಕ್ಕಿಗಳೂ ಸತ್ತವು. ಅಂದಿನಿಂದ ನಮ್ಮಲ್ಲಿ ಹೊಸ ಹಕ್ಕಿ ಬಂದರೆ ಮೊದಲು ಪ್ರತ್ಯೇಕ ಕೋಣೆ, ಬಾಯಿ ಮತ್ತು ಗುದದ ಸ್ವ್ಯಾಬ್, ಫಲಿತಾಂಶ ಬರುವ ತನಕ ಮಾಸ್ಕ್, ಗೌನ್, ಕೈಗವಸು. ಎಲ್ಲರೂ ಅಚ್ಚುಕಟ್ಟಾಗಿ ಪಾಲಿಸುತ್ತಾರೆ.

ಮೂರನೇ ದಿನ ಫಲಿತಾಂಶ ಬಂತು: ಹಕ್ಕಿ ಜ್ವರ ಇಲ್ಲ. ಕೇಂದ್ರದಲ್ಲಿ ಒಂದು ಉಸಿರು ಹೊರಗೆ ಬಂತು. ಅದೇ ಸಂಜೆ ಗಿಡುಗವನ್ನು ಸಾಮಾನ್ಯ ವಾರ್ಡಿಗೆ ಹಾಕಿದೆವು. ಒಂದು ಪಕ್ಕ ಪುಟ್ಟ ಸ್ಕ್ರೀಚ್ ಗೂಬೆ, ಇನ್ನೊಂದು ಪಕ್ಕ ರೆಕ್ಕೆ ಮುರಿದ ಕೆಸ್ಟ್ರೆಲ್ ಎಂಬ ಸಣ್ಣ ಬೇಟೆ ಹಕ್ಕಿ. ಒಂದು ಕಾಯಿಲೆ ಇಲ್ಲ ಎಂದು ಬಂದ ಫಲಿತಾಂಶವನ್ನು ನಾವು ‘ಯಾವ ಅಂಟು ಕಾಯಿಲೆಯೂ ಇಲ್ಲ’ ಎಂದು ಓದಿಕೊಂಡೆವು. ವೆಸ್ಟ್ ನೈಲ್ ವೈರಸ್ ಸೋಂಕಿನ ಮೊದಲ ದಿನಗಳಲ್ಲಿ ಬಾಯಿಯ ಜೊಲ್ಲಿನಲ್ಲೂ ಹಿಕ್ಕೆಯಲ್ಲೂ ಹೊರಬರುತ್ತದೆ. ಪುಣ್ಯಕ್ಕೆ ಪಕ್ಕದ ಎರಡಕ್ಕೂ ಏನೂ ಆಗಲಿಲ್ಲ. ಅದು ನಮ್ಮ ಜಾಣತನದಿಂದಲ್ಲ.

ಐದನೇ ದಿನ ಬೆಳಿಗ್ಗೆ ತಲೆ ಅಲುಗಾಡಲು ಶುರುವಾಯಿತು. ಜೋರಾಗಿ ಅಲ್ಲ. ಯಾರೋ ಕೇಳಿದ್ದಕ್ಕೆ ‘ಇಲ್ಲ, ಇಲ್ಲ’ ಎಂದು ಸಣ್ಣದಾಗಿ ತಲೆ ಆಡಿಸಿದ ಹಾಗೆ. ಏನನ್ನಾದರೂ ಮಾಡಲು ಹೊರಟಾಗ ಜಾಸ್ತಿ, ಸುಮ್ಮನಿದ್ದಾಗ ಕಡಿಮೆ. ಒಬ್ಬ ಸ್ವಯಂಸೇವಕಿ ತಟ್ಟೆಯಲ್ಲಿ ಇಲಿ ಇಟ್ಟಳು. ಗಿಡುಗ ಅಲುಗಲಿಲ್ಲ. ಇಕ್ಕಳದಲ್ಲಿ ಇಲಿ ಹಿಡಿದು ಕಣ್ಣ ಮುಂದೆ ಆಡಿಸಿದಳು. ಊಹೂಂ. ಆ ಇಲಿಯ ಬಾಲ ಹೇಗೋ ಕಾಲ್ಬೆರಳಿಗೆ ತಾಗಿತು. ಪಂಜ ಪಟ್ಟೆಂದು ಮುಚ್ಚಿತು! ಹಿಡಿದದ್ದು ಹಿಡಿದ ಹಾಗೆ ಇತ್ತು, ತಲೆ ಮಾತ್ರ ಇನ್ನೆಲ್ಲೋ ತಿರುಗಿತ್ತು. ಆಗ ನಮಗೆ ಹೊಳೆದದ್ದು: ಇದಕ್ಕೆ ಕಾಣಿಸುತ್ತಿಲ್ಲ.

ಅಲ್ಲಿಂದ ಮುಂದೆ ತಲೆ ಏಟಿನ ಮಾತು ನಿಂತಿತು. ಏಟು ಬಿದ್ದ ಹಕ್ಕಿ ಮೊದಲ ದಿನ ಕೆಟ್ಟದಾಗಿದ್ದು ಆಮೇಲೆ ಸುಧಾರಿಸುವುದೇ ಹೆಚ್ಚು. ಇದು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಮತ್ತೆ ಪ್ರತ್ಯೇಕ ಕೋಣೆಗೆ ಒಯ್ದೆವು. ರಕ್ತದಲ್ಲಿ ಸೀಸ ನೋಡಿದೆವು, ತೀರಾ ಕಡಿಮೆ. ಇಲಿ ಪಾಷಾಣ ತಿಂದ ಇಲಿಯನ್ನು ತಿಂದಿದೆಯೇ ಎಂದು ರಕ್ತ ಹೆಪ್ಪುಗಟ್ಟುವುದನ್ನು ನೋಡಿದೆವು, ಸರಿಯಿತ್ತು. ಬಿಳಿ ರಕ್ತಕಣ ತುಂಬ ಏರಿತ್ತು, ಕೆಂಪು ರಕ್ತಕಣ ಇಳಿದಿತ್ತು. ಕೊನೆಗೆ ರಕ್ತ ಮತ್ತು ಗಂಟಲ ಸ್ವ್ಯಾಬ್‌ಗಳನ್ನು ವೆಸ್ಟ್ ನೈಲ್ ಪಿಸಿಆರ್ ಪರೀಕ್ಷೆಗೆ ಕಳಿಸಿದೆವು.

ಫಲಿತಾಂಶ: ನೆಗೆಟಿವ್.

ನೆಗೆಟಿವ್ ಬಂದ ಮೇಲೆ

ಇಲ್ಲಿ ಇಬ್ಬಾಗವಾದೆವು. ಕೇಂದ್ರ ನಡೆಸುವ ಹಿರಿಯರೊಬ್ಬರು, ಹಕ್ಕಿ ಕುರುಡು, ನಡುಕ ಇದೆ, ಕಾರಣ ಗೊತ್ತಿಲ್ಲ, ನೋವಿಲ್ಲದೆ ಕಳಿಸಿಕೊಡೋಣ ಎಂದರು. ಕಟುಕತನದ ಮಾತಲ್ಲ ಅದು. ಇಂಥ ನೂರಾರು ಹಕ್ಕಿಗಳನ್ನು ಕಂಡವರು. ನನಗೆ ಮಾತ್ರ ಆ ನೆಗೆಟಿವ್ ಮೇಲೆ ನಂಬಿಕೆ ಬರಲಿಲ್ಲ.

ಕಾರಣ ಹೀಗಿದೆ. ಈ ವೈರಸ್ ಹಕ್ಕಿಯ ರಕ್ತದಲ್ಲಿ ಓಡಾಡುವುದು ಕೆಲವೇ ದಿನ. ಅಷ್ಟರಲ್ಲಿ ದೇಹ ಪ್ರತಿಕಾಯ (ಆ್ಯಂಟಿಬಾಡಿ) ಮಾಡಿ ರಕ್ತದಿಂದ ಅದನ್ನು ಓಡಿಸುತ್ತದೆ. ಮಿದುಳು, ಕಣ್ಣು, ಹೃದಯ, ಮೂತ್ರಪಿಂಡದಲ್ಲಿ ಆದ ಹಾನಿ ಮಾತ್ರ ಅಲ್ಲೇ ಉಳಿಯುತ್ತದೆ, ಬೆಳೆಯುತ್ತದೆ. ತಲೆ ನಡುಗುವ ಹೊತ್ತಿಗೆ ರಕ್ತ ಖಾಲಿ ಆಗಿರಬಹುದು. ಪಿಸಿಆರ್ ಹುಡುಕುವುದು ವೈರಸ್ಸನ್ನು. ಕಳ್ಳ ಹೋದ ಮೇಲೆ ಮನೆ ಜಾಲಾಡಿದ ಹಾಗೆ. ಆಗ ಹುಡುಕಬೇಕಾದದ್ದು ಹೆಜ್ಜೆಗುರುತನ್ನು, ಅಂದರೆ ಪ್ರತಿಕಾಯವನ್ನು.

ಲ್ಯಾಬಿಗೆ ಫೋನ್ ಮಾಡಿದೆ. ಒಂದೇ ಸಲದ ಪ್ರತಿಕಾಯ ಪರೀಕ್ಷೆಯಿಂದ ಏನೂ ಹೇಳಲಾಗದು ಎಂದರು. ಹೋದ ವರ್ಷ ಸೋಂಕು ತಗುಲಿ ಗುಣವಾದ ಹಕ್ಕಿಯಲ್ಲೂ ಪ್ರತಿಕಾಯ ಇರುತ್ತದೆ. ಕಾಯಿಲೆಯ ಶುರುವಿನ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಒಂದು, ಎರಡು ಮೂರು ವಾರದ ನಂತರದ್ದು ಒಂದು ಬೇಕು. ಎರಡರ ನಡುವೆ ನಾಲ್ಕು ಪಟ್ಟು ಏರಿದ್ದರೆ ಈಗಿನ ಸೋಂಕು ಎಂದು ಹೇಳಬಹುದು. ‘ಮೊದಲ ದಿನದ ಸೀರಮ್ ಇದೆಯಾ?’ ಎಂದು ಕೇಳಿದರು. ಇಲ್ಲ ಅಂದೆ.

ಇತ್ತು! ನಮ್ಮ ತಂತ್ರಜ್ಞೆ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದ ಹುಡುಗಿ, ಮೊದಲ ದಿನದ ರಕ್ತ ಪರೀಕ್ಷೆಯಲ್ಲಿ ಉಳಿದ ಸೀರಮ್ಮನ್ನು ಬಿಸಾಡದೆ ಸಣ್ಣ ಕೊಳವೆಯಲ್ಲಿ ಹಾಕಿ, ದಿನಾಂಕ ಬರೆದು, ಫ್ರೀಜರಿನ ಮೂಲೆಯಲ್ಲಿ ಇಟ್ಟಿದ್ದಳು. ಯಾರೂ ಹೇಳಿರಲಿಲ್ಲ. ಹಿಂದೆ ಓದಿದ ಕಡೆ ಹಾಗೆ ಮಾಡುತ್ತಿದ್ದರಂತೆ. ನಾಲ್ಕೈದು ಹನಿ. ಈ ಪ್ರಕರಣಕ್ಕೆ ಹೆಸರು ಸಿಕ್ಕಿದ್ದು ಆ ನಾಲ್ಕೈದು ಹನಿಯಿಂದ.

ಆದರೆ ಎರಡನೇ ರಕ್ತ ತೆಗೆಯಲು ಹಕ್ಕಿ ಅಲ್ಲಿ ತನಕ ಬದುಕಿರಬೇಕಲ್ಲ. ಹಿರಿಯರ ಜೊತೆ ಒಂದು ಒಪ್ಪಂದಕ್ಕೆ ಬಂದೆವು. ಒಂದು ವಾರ ಗಡುವು. ಅಷ್ಟರಲ್ಲಿ ನಡುಕ ಸೆಳೆತಕ್ಕೆ ತಿರುಗಿದರೆ, ನಿಲ್ಲಲು ಆಗದಿದ್ದರೆ ಅಲ್ಲಿಗೆ ಮುಗಿಸುವುದು. ತಾನಾಗಿ ತಿನ್ನಲು ಶುರು ಮಾಡಿದರೆ ಮುಂದುವರಿಸುವುದು. ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆವು. ಹೀಗೆ ಮೊದಲೇ ಬರೆದಿಡುವುದು ಒಳ್ಳೆಯದು. ಇಲ್ಲದಿದ್ದರೆ ದಿನಾ ಬೆಳಿಗ್ಗೆ ಹಕ್ಕಿಯ ಮುಖ ನೋಡಿ ನಮ್ಮ ಮನಸ್ಸು ಬದಲಾಗುತ್ತಿರುತ್ತದೆ.

ವೈರಸ್ಸಿಗೆ ಮದ್ದಿಲ್ಲ. ಮಾಡಿದ್ದೆಲ್ಲ ಆಸರೆಯ ಕೆಲಸ: ಚರ್ಮದಡಿ ದ್ರವ, ಕೊಳವೆಯಿಂದ ನೀರಾದ ಆಹಾರ, ಸದ್ದಿಲ್ಲದ ಕೋಣೆ, ನಿಲ್ಲಲು ಮೆತ್ತನೆಯ ಸುರುಳಿ ಬಟ್ಟೆ, ಶ್ವಾಸಕೋಶಕ್ಕೆ ಬೂಸ್ಟು ಹಿಡಿಯದಂತೆ ಇಟ್ರಾಕೊನಜೋಲ್. ಸೊರಗಿದ ಬೇಟೆ ಹಕ್ಕಿಯನ್ನು ಎಷ್ಟೋ ಸಲ ಮೂಲ ಕಾಯಿಲೆಗಿಂತ ಮೊದಲು ಆಸ್ಪರ್ಜಿಲಸ್ ಎಂಬ ಆ ಬೂಸ್ಟೇ ಕೊಲ್ಲುತ್ತದೆ. ಸ್ಟೀರಾಯ್ಡ್ ಕೊಡೋಣವೇ ಎಂಬ ಮಾತು ಬಂತು. ರೋಗ ತಡೆಯುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ, ಬೂಸ್ಟಿಗೆ ಬಾಗಿಲು ತೆರೆದುಕೊಡುತ್ತದೆ. ಬೇಡ ಎಂದೆ.

ಹನ್ನೊಂದನೇ ದಿನ ರಾತ್ರಿ ಕಾಲಡಿ ಇಟ್ಟಿದ್ದ ಇಲಿಯ ತುಂಡು ಬೆಳಿಗ್ಗೆ ಇರಲಿಲ್ಲ. ಹದಿಮೂರನೇ ದಿನ ತಟ್ಟೆ ಇಟ್ಟಾಗ ತಲೆ ಆ ಕಡೆ ತಿರುಗಿತು. ಅಲುಗಾಟ ಇನ್ನೂ ಇತ್ತು, ಆದರೆ ತಿರುಗಿದ್ದು ಸರಿಯಾದ ಕಡೆಗೆ.

ಗೂಬೆ

ಇಷ್ಟರ ನಡುವೆ ಹತ್ತೊಂಬತ್ತನೇ ದಿನ ನಮ್ಮ ಸಾಕು ತಾಯಿಗೆ ಕಾಯಿಲೆ ಬಂತು. ಸಾಕು ತಾಯಿ ಅಂದರೆ ಹಳೆಯ ಗ್ರೇಟ್ ಹಾರ್ನ್ಡ್ ಗೂಬೆ. ರೆಕ್ಕೆ ಕೆಟ್ಟಿದ್ದರಿಂದ ಬಿಡಲಾಗದೆ ಕೇಂದ್ರದಲ್ಲೇ ಇತ್ತು. ಅನಾಥ ಗೂಬೆ ಮರಿಗಳನ್ನು ಪ್ರತಿ ವಸಂತದಲ್ಲೂ ಅದರ ಜೊತೆ ಬಿಟ್ಟರೆ ತನ್ನವೇ ಎಂಬಂತೆ ಸಾಕುತ್ತಿತ್ತು. ಹೊರಗಿನ ಪಂಜರ ಅದರದು. ಆ ಬೆಳಿಗ್ಗೆ ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಹತ್ತಿರ ಹೋದರೆ ಕೊಕ್ಕು ಟಕ್ ಟಕ್ ಎನ್ನಿಸುವ ಹಕ್ಕಿ ಸುಮ್ಮನಿತ್ತು. ನಾಲ್ಕನೇ ದಿನ ಸತ್ತಿತು. ಸತ್ತ ಮೇಲಿನ ಪರೀಕ್ಷೆಯಲ್ಲಿ ಹೃದಯ, ಮಿದುಳು, ಮೂತ್ರಪಿಂಡ ಮೂರರಲ್ಲೂ ವೈರಸ್ ಸಿಕ್ಕಿತು. ಇಲ್ಲಿ ಪಿಸಿಆರ್ ಮೊದಲ ಸಲಕ್ಕೇ ಪಾಸಿಟಿವ್.

ಸ್ವಯಂಸೇವಕಿ ಅತ್ತಳು. ಗಿಡುಗವನ್ನೂ ಗೂಬೆಯನ್ನೂ ನೋಡಿಕೊಳ್ಳುತ್ತಿದ್ದವಳು ಅವಳೇ, ತನ್ನ ಕೈಗವಸಿನಿಂದಲೇ ದಾಟಿತು ಎಂದುಕೊಂಡಳು. ದಿನ ಲೆಕ್ಕ ಹಾಕಿ ನೋಡಿದೆವು. ಗಿಡುಗ ಬಂದಾಗಲೇ ಅದರ ಕಾಯಿಲೆ ಹಳೆಯದಾಗಿತ್ತು. ಐದನೇ ದಿನದ ರಕ್ತದಲ್ಲೂ ಗಂಟಲಲ್ಲೂ ವೈರಸ್ ಇರಲಿಲ್ಲ. ಅದರಿಂದ ಎರಡು ವಾರದ ನಂತರ ಗೂಬೆಗೆ ದಾಟುವುದು ಕಷ್ಟ. ಹಾಗಾದರೆ ಎಲ್ಲಿಂದ?

ಗೂಬೆಯ ಪಂಜರದ ಮೇಲೆ ಏಣಿ ಹಾಕಿ ಹತ್ತಿದೆ. ಚಾವಣಿಯ ಅಂಚಿನಲ್ಲಿ ಮಳೆನೀರು ಹರಿದುಹೋಗುವ ದೋಣಿ (ಗಟರ್) ಎಲೆ ಕಟ್ಟಿಕೊಂಡು ತುಂಬಿತ್ತು. ಚಹಾದ ಬಣ್ಣದ ನೀರು, ಕೊಳೆತ ವಾಸನೆ. ನೀರಿನ ಮೇಲೆ ಮಸಿ ಚುಕ್ಕೆಯಂತೆ ಏನೋ ತೇಲುತ್ತಿತ್ತು. ಬೆರಳ ತುದಿಯಲ್ಲಿ ಎತ್ತಿ ನೋಡಿದೆ. ಅಕ್ಕಿಕಾಳಿಗಿಂತ ಚಿಕ್ಕದು, ದೋಣಿಯ ಹಾಗೆ ನಡು ತಗ್ಗು. ಕ್ಯೂಲೆಕ್ಸ್ ಸೊಳ್ಳೆಯ ಮೊಟ್ಟೆಗಳ ತೆಪ್ಪ. ನೂರಾರು ಮೊಟ್ಟೆ ನೆಟ್ಟಗೆ ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಅದರ ಕೆಳಗೆ ಮರಿಗಳು ತಲೆಕೆಳಗಾಗಿ ಜೋತುಬಿದ್ದು, ನನ್ನ ನೆರಳು ಬಿದ್ದ ಕೂಡಲೆ ಕುಣಿಯುತ್ತ ತಳಕ್ಕಿಳಿದವು. ಕೆಳಗೆ ಎಲ್ಲ ನೀರಿನ ತೊಟ್ಟಿಗಳನ್ನು ದಿನಾ ಉಜ್ಜಿ ತೊಳೆಯುತ್ತಿದ್ದೆವು. ತಲೆಯ ಮೇಲೆ ಸೊಳ್ಳೆ ಸಾಕುತ್ತಿದ್ದೆವು.

ಅದೊಂದೇ ದಾರಿ ಎಂದು ಹೇಳಲಾರೆ. ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಂತು. ಹತ್ತಿರದ ರೈತರೊಬ್ಬರು ತಮ್ಮ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ ಗುಬ್ಬಚ್ಚಿಗಳನ್ನು ‘ಗೂಬೆಗೆ ಆಗುತ್ತೆ’ ಎಂದು ತಂದುಕೊಟ್ಟಿದ್ದರು. ಯಾರೋ ಸಂತೋಷದಿಂದ ಹಾಕಿದ್ದರು. ಬೇಸಿಗೆಯ ಕೊನೆಯಲ್ಲಿ ತಾವಾಗಿ ಸತ್ತ ಗುಬ್ಬಚ್ಚಿಗಳು! ಗುಬ್ಬಚ್ಚಿ ಈ ವೈರಸ್ಸನ್ನು ರಕ್ತದಲ್ಲಿ ಚೆನ್ನಾಗಿ ಬೆಳೆಸುವ ಹಕ್ಕಿ. ಗೂಬೆಗೆ ಸೊಳ್ಳೆಯಿಂದ ಬಂತೋ, ಊಟದಿಂದ ಬಂತೋ ತೀರ್ಮಾನವಾಗಲಿಲ್ಲ. ಎರಡೂ ಬಾಗಿಲು ತೆರೆದಿದ್ದವು, ಎರಡನ್ನೂ ತೆರೆದಿಟ್ಟವರು ನಾವೇ.

ಮಳೆನೀರಿನ ದೋಣಿಗಳನ್ನು ಕಿತ್ತು ಇಳಿಜಾರು ಸರಿಮಾಡಿದೆವು. ಪಂಜರಗಳಿಗೆ ಸಣ್ಣ ಕಣ್ಣಿನ ಬಲೆ ಹಾಕಿದೆವು. ಬದಲಿಸಲಾಗದ ನೀರಿಗೆ ಸೊಳ್ಳೆ ಮರಿಗಳನ್ನಷ್ಟೇ ಕೊಲ್ಲುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ ಹಾಕಿದೆವು. ಊಟಕ್ಕೆ ಸಾಕಿದ ಇಲಿ ಬಿಟ್ಟು ಬೇರೇನೂ ಇಲ್ಲ ಎಂದು ಕಟ್ಟುನಿಟ್ಟು ಮಾಡಿದೆವು. ಮುಂದಿನ ವಸಂತದಲ್ಲಿ ಉಳಿದ ಕಾಯಂ ಹಕ್ಕಿಗಳಿಗೆ ಕುದುರೆಗೆಂದು ಮಾಡಿದ ಲಸಿಕೆ ಕೊಟ್ಟೆವು. ಹಕ್ಕಿಯಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಹಕ್ಕಿಯಿಂದ ಹಕ್ಕಿಗೆ ಬದಲಾಗುತ್ತದೆ, ಅದನ್ನೇ ನಂಬಿ ಬಲೆ ತೆಗೆಯುವ ಹಾಗಿಲ್ಲ. ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದುಗಳಿಗೆ 2003ರಲ್ಲೇ ಈ ವೈರಸ್ ವಿರುದ್ಧ ಲಸಿಕೆ ಹಾಕಲು ಶುರು ಮಾಡಿದ್ದರು. ಅಲ್ಲಿ ಜಗತ್ತಿನಲ್ಲಿ ಉಳಿದಿದ್ದ ಒಂದೊಂದು ಹಕ್ಕಿಯೂ ಲೆಕ್ಕಕ್ಕಿತ್ತು. ನಮ್ಮ ಗೂಬೆಯೂ ನಮಗೆ ಹಾಗೆಯೇ ಇತ್ತು. ಲಸಿಕೆಯ ಯೋಚನೆ ಬಂದದ್ದು ಮಾತ್ರ ಅದು ಹೋದ ಮೇಲೆ.

ಇನ್ನೊಂದು ಮಾತು. ಗೂಬೆಯನ್ನು ನಾವು ಕೊಯ್ಯಲಿಲ್ಲ, ಲ್ಯಾಬಿಗೆ ಕಳಿಸಿದೆವು. 2002ರಲ್ಲಿ ಸತ್ತ ಹಕ್ಕಿಯನ್ನು ಕೊಯ್ಯುವಾಗ ಕೈ ಕುಯ್ದುಕೊಂಡು ಲ್ಯಾಬ್ ಕೆಲಸಗಾರರೊಬ್ಬರಿಗೆ ಈ ಸೋಂಕು ತಗುಲಿದ ದಾಖಲೆ ಇದೆ. ಸರಿಯಾದ ಕೋಣೆ, ಸರಿಯಾದ ಕೈಗವಸು ಇಲ್ಲದೆ ಆ ಧೈರ್ಯ ಬೇಡ.

ಗುಣವಾಯಿತು ಎಂದುಕೊಂಡಾಗ

ಸೆಪ್ಟೆಂಬರ್ ನಡುವಿನಲ್ಲಿ ಎರಡು ಸೀರಮ್‌ಗಳ ಫಲಿತಾಂಶ ಒಟ್ಟಿಗೆ ಬಂತು. ಗಿಡುಗದ ಪ್ರತಿಕಾಯ ನಾಲ್ಕು ಪಟ್ಟಿಗಿಂತ ಜಾಸ್ತಿ ಏರಿತ್ತು. ವೆಸ್ಟ್ ನೈಲ್ ಅನ್ನುವುದು ಖಚಿತ. ‘ಕಾರಣ’ದ ಜಾಗದಲ್ಲಿ ‘ವಾಹನ ಡಿಕ್ಕಿ’ಯನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದೆ.

ಅಕ್ಟೋಬರ್ ಬಂತು. ತೂಕ 1,240 ಗ್ರಾಂ. ನಡುಕ ಇಲ್ಲ. ಕಣ್ಣಿನ ತಜ್ಞೆ ಬಂದು ನೋಡಿದರು. ಎಡಗಣ್ಣಿನ ಹಿಂಪದರದಲ್ಲಿ ಸಣ್ಣ ಕಲೆ ಉಳಿದಿದೆ, ಬಲಗಣ್ಣು ಸರಿಯಿದೆ ಎಂದರು. ಹಾರಾಟದ ಉದ್ದ ಪಂಜರಕ್ಕೆ ಬಿಟ್ಟೆವು. ಆ ತುದಿಯಿಂದ ಈ ತುದಿಗೆ ಹಾರಿ, ಮೈ ತಿರುಗಿಸಿ, ಕೊಂಬೆ ಮೇಲೆ ಸರಿಯಾಗಿ ಇಳಿಯಿತು. ನಮ್ಮನ್ನು ಕಂಡರೆ ಕಿರುಚುತ್ತಿತ್ತು. ಒಳ್ಳೆಯ ಲಕ್ಷಣ! ಇನ್ನೆರಡು ವಾರದಲ್ಲಿ ಬಿಡೋಣ ಎಂದು ದಿನವನ್ನೂ ಗುರುತು ಹಾಕಿದೆವು. ಹಕ್ಕಿ ತಂದುಕೊಟ್ಟವರಿಗೆ ಫೋನ್ ಕೂಡ ಹೋಯಿತು.

ಬಿಡುವ ನಾಲ್ಕು ದಿನ ಮುಂಚೆ ಪಂಜರ ಗುಡಿಸುವಾಗ ಒಂದು ಗರಿ ಸಿಕ್ಕಿತು. ಗರಿ ಉದುರುವುದು ಹೊಸದೇನಲ್ಲ. ಆದರೆ ಗುಡಿಸುತ್ತಿದ್ದವಳು ಅದನ್ನು ಬುಟ್ಟಿಗೆ ಹಾಕದೆ ನನ್ನ ಮೇಜಿನ ಮೇಲೆ ತಂದಿಟ್ಟಳು. ‘ಇದರ ಬುಡ ನೋಡಿ’ ಎಂದಳು.

ತಾನಾಗಿ ಬಲಿತು ಉದುರಿದ ಗರಿಯ ಬುಡ ಖಾಲಿ ಪೆನ್ನಿನ ಕೊಳವೆಯಂತೆ ಸ್ವಚ್ಛವಾಗಿ, ಗುಂಡಗೆ ಇರುತ್ತದೆ. ಇದು ಇನ್ನೂ ಬೆಳೆಯುತ್ತಿದ್ದ ಗರಿ. ಮುಕ್ಕಾಲು ಉದ್ದವೂ ಆಗಿರಲಿಲ್ಲ, ಒಳಗೆ ಇನ್ನೂ ರಕ್ತದ ಬಣ್ಣ ಇತ್ತು. ಬುಡದ ಹತ್ತಿರ ಯಾರೋ ಎರಡು ಬೆರಳಲ್ಲಿ ಚಿವುಟಿ ತಿರುಚಿದ ಹಾಗೆ ಸಣ್ಣಗಾಗಿ, ಅಲ್ಲಿಗೇ ಕಡಿದು ಬಿದ್ದಿತ್ತು.

ಹಕ್ಕಿಯನ್ನು ಹಿಡಿದು ರೆಕ್ಕೆ ಬಿಚ್ಚಿ ನೋಡಿದೆವು. ಆಗಸ್ಟಿನಲ್ಲಿ ಬಂದಾಗ ಅದು ಗರಿ ಬದಲಿಸುವ ಕಾಲದ ನಡುವಿನಲ್ಲಿತ್ತು. ಆಮೇಲೆ ಹುಟ್ಟಿದ ಹೊಸ ಗರಿಗಳಲ್ಲಿ ಎಡ ರೆಕ್ಕೆಯ ಮೂರು, ಬಲ ರೆಕ್ಕೆಯ ಎರಡು, ಬಾಲದ ನಾಲ್ಕು ಹೀಗೆಯೇ ಬುಡ ಸಣ್ಣಗಾಗಿದ್ದವು. ವಾರದೊಳಗೆ ಎಲ್ಲ ಉದುರಿದವು. ವೆಸ್ಟ್ ನೈಲ್‌ನಿಂದ ಬದುಕಿ ಉಳಿದ ಕೆಂಪು ಬಾಲದ ಗಿಡುಗ, ಗ್ರೇಟ್ ಹಾರ್ನ್ಡ್ ಗೂಬೆಗಳಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೀಗಾಗುವುದು ಗೊತ್ತಿರುವ ಸಂಗತಿ. ಉದುರಿದ ಗರಿಯ ಒಳತಿರುಳನ್ನು ಲ್ಯಾಬಿಗೆ ಕಳಿಸಿದೆವು. ಅದರಲ್ಲಿ ವೈರಸ್‌ನ ಜಾಡು ಸಿಕ್ಕಿತು. ಜೀವಂತ ವೈರಸ್ ಎಂದು ಅದರರ್ಥವಲ್ಲ. ಪಿಸಿಆರ್‌ಗೆ ಸತ್ತ ತುಣುಕೂ ಸಾಕು.

ನಾಲ್ಕು ದಿನ ಮುಂಚೆ ಬಿಟ್ಟಿದ್ದರೆ? ಚಳಿಗಾಲದ ಬಾಗಿಲಲ್ಲಿ, ರೆಕ್ಕೆಯಲ್ಲಿ ಐದು ಗರಿ ಇಲ್ಲದ, ಬಾಲದ ಮೂರನೇ ಒಂದು ಭಾಗ ಇಲ್ಲದ ಹಕ್ಕಿ. ತಿಂಗಳೊಳಗೆ ಹಸಿದು ಸಾಯುತ್ತಿತ್ತು. ಬಿಟ್ಟ ದಿನದ ಫೋಟೋ ನಮ್ಮ ಗೋಡೆ ಮೇಲೆ ಇರುತ್ತಿತ್ತು.

ಒಬ್ಬರು ಬೇರೆ ಹಕ್ಕಿಯ ಗರಿ ಕಸಿ ಮಾಡೋಣ ಎಂದರು. ಬೇಟೆಗೆ ಗಿಡುಗ ಸಾಕುವವರ ಹಳೆಯ ವಿದ್ಯೆ ಅದು. ಮುರಿದ ಗರಿಯ ಟೊಳ್ಳು ಕಾಂಡಕ್ಕೆ ಬಿದಿರ ಕಡ್ಡಿ ತೂರಿಸಿ, ಅದರ ಮೇಲೆ ಉದುರಿದ ಹಳೆ ಗರಿಯನ್ನು ಅಂಟಿಸುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಂಟಿಸಲು ಬುಡ ಬೇಕಲ್ಲ. ಇಲ್ಲಿ ಚರ್ಮದ ಮಟ್ಟದಲ್ಲಿ ಖಾಲಿ ಗುಂಡಿ ಮಾತ್ರ ಇತ್ತು.

ಉಳಿದದ್ದು ಎರಡೇ ದಾರಿ: ಕಾಯುವುದು, ಇಲ್ಲವೇ ಮುಗಿಸುವುದು. ಕಾಯಲು ಕಾನೂನಿನ ಗೆರೆಯೂ ಇದೆ. ಅಮೆರಿಕದಲ್ಲಿ ಆರೈಕೆಯ ಪರವಾನಗಿ ಇರುವವರು ವಲಸೆ ಹಕ್ಕಿಗಳ ಕಾಯ್ದೆಯಡಿ ಬರುವ ಹಕ್ಕಿಯನ್ನು 180 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಒಪ್ಪಿಗೆ ಪಡೆಯಬೇಕು. ನಮ್ಮ ಗಡುವು ಫೆಬ್ರವರಿಗೆ ಮುಗಿಯುತ್ತಿತ್ತು. ಮುಂದಿನ ಗರಿ ಬದಲಿಸುವ ಕಾಲ ವಸಂತಕ್ಕೆ ಶುರುವಾಗಿ ಬೇಸಿಗೆ ಪೂರ್ತಿ ನಡೆಯುತ್ತದೆ. ಕಾಡಿನ ಹಕ್ಕಿಗೆ ಒಂದು ವರ್ಷ ಪಂಜರ ಅನ್ನುವುದು ಸಣ್ಣ ಮಾತಲ್ಲ. ಕಾಲಿನ ಅಡಿ ಬಾತು ಹುಣ್ಣಾಗಬಹುದು, ಗಾಬರಿಯಲ್ಲಿ ಗೋಡೆಗೆ ಬಡಿದುಕೊಳ್ಳಬಹುದು. ಹಿರಿಯರು ಈ ಸಲ ಕಾಯೋಣ ಎಂದರು. ಅನುಮಾನ ಇದ್ದದ್ದು ನನಗೆ. ಗರಿ ಹುಟ್ಟುವ ಗುಂಡಿಯೇ ಕೆಟ್ಟಿದ್ದರೆ ಒಂದು ವರ್ಷ ಹಿಂಸೆ ಕೊಟ್ಟು ಕೊನೆಗೂ ಕೊಲ್ಲಬೇಕಾಗುತ್ತದೆ. ಅವರು ಹೇಳಿದ್ದು ಇಷ್ಟೇ: ‘ಮೊದಲ ಗರಿ ಬರಲಿ, ಅದು ಹೇಳುತ್ತೆ.’

ಅರ್ಜಿ ಹಾಕಿದೆವು, ಕಾರಣ ಬರೆದೆವು, ಉದುರಿದ ಗರಿಯ ಚಿತ್ರ ಲಗತ್ತಿಸಿದೆವು. ಒಪ್ಪಿಗೆ ಸಿಕ್ಕಿತು. ಚಳಿಗಾಲ ಪೂರ್ತಿ ಕೊಂಬೆಗಳಿಗೆ ಹುಲ್ಲುಹಾಸಿನಂಥ ಹೊದಿಕೆ ಸುತ್ತಿ, ವಾರಕ್ಕೊಮ್ಮೆ ಕಾಲಿನ ಅಡಿ ನೋಡಿದೆವು. ಮನುಷ್ಯರು ಕಾಣದ ಹಾಗೆ ಪಂಜರದ ಒಂದು ಪಕ್ಕ ಮುಚ್ಚಿದೆವು. ಅದರ ಕಿರುಚಾಟ ಕಡಿಮೆಯಾಗಲಿಲ್ಲ. ನಮಗೆ ಅದೇ ಬೇಕಿತ್ತು.

ಮೇ ತಿಂಗಳಲ್ಲಿ ಮೊದಲ ರೆಕ್ಕೆಗರಿಯ ಮೊಳಕೆ ಕಂಡಿತು. ನೀಲಿ ಮಸಿ ತುಂಬಿದ ಕಡ್ಡಿಯ ಹಾಗೆ. ಹತ್ತು ದಿನಕ್ಕೊಮ್ಮೆ ಹಿಡಿದು ಬುಡ ಸವರಿ ನೋಡುತ್ತಿದ್ದೆ. ದಪ್ಪಗೇ ಇತ್ತು. ಜೂನ್ ಕೊನೆಗೆ ಆ ಗರಿ ಪೂರ್ತಿ ಬಿಚ್ಚಿಕೊಂಡಿತು, ರಕ್ತ ಇಳಿದು ಕಾಂಡ ಬಿಳಿಯಾಯಿತು. ಗಟ್ಟಿಯಾಗಿ ನಿಂತಿತು. ಆಮೇಲಿನವೂ ಹಾಗೆಯೇ ಬಂದವು. ಎಡ ರೆಕ್ಕೆಯ ಒಂದು ಗರಿ ಮಾತ್ರ ಕೊನೆಗೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಉದ್ದದ ದಾರ ಕಟ್ಟಿ ಬಯಲಲ್ಲಿ ಹಾರಿಸಿ ನೋಡಿದೆವು. ಎಡಗಣ್ಣಿನ ಕಲೆ ಬೇಟೆಗೆ ಅಡ್ಡಿಯಾಗುತ್ತದೋ ಎಂದು ಜೀವಂತ ಇಲಿ ಬಿಟ್ಟು ನೋಡಿದೆವು. ಆರು ಸಲದಲ್ಲಿ ಐದು ಸಲ ಹಿಡಿಯಿತು. ತಪ್ಪಿದ್ದು ಎಡದಿಂದ ಓಡಿದ್ದು. ಅದರ ಬಗ್ಗೆ ಅರ್ಧ ದಿನ ಚರ್ಚೆ ನಡೆಯಿತು. ಕೊನೆಗೆ ಬಿಡುವುದೆಂದೇ ಆಯಿತು. ಕಾಡಿನ ಗಿಡುಗಗಳೂ ಎಷ್ಟೋ ಸಲ ತಪ್ಪುತ್ತವೆ.

ಸಿಕ್ಕಿದ ರಸ್ತೆಯಿಂದ ಒಂದಿಷ್ಟು ದೂರದ ಹೊಲದ ಅಂಚಿನಲ್ಲಿ ಡಬ್ಬಿ ತೆರೆದೆವು. ಈ ಸಲ ಬೆನ್ನ ಮೇಲೆ ಮಲಗಿ ಎರಡೂ ಕಾಲು ಚಾಚಿ ಉಗುರು ತೋರಿಸಿತು. ಡಬ್ಬಿ ಓರೆ ಮಾಡಬೇಕಾಯಿತು. ಹಾರಿ ಹೋಗಿ ದೂರದ ಕಂಬದ ಮೇಲೆ ಕೂತು, ಬಹಳ ಹೊತ್ತು ಗರಿ ತೀಡಿಕೊಂಡಿತು. ಕಾಲಿಗೆ ನಂಬರಿನ ಉಂಗುರ ಇದೆ. ಆ ನಂಬರ್ ಕಂಡ ವರದಿ ಇದುವರೆಗೆ ಯಾರಿಂದಲೂ ಬಂದಿಲ್ಲ.

ಚಿವುಟಿದ ಆ ಮೊದಲ ಗರಿ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೊಸ ಸ್ವಯಂಸೇವಕರು ಬಂದಾಗ ಅದನ್ನು ಒಂದು ಸಾಮಾನ್ಯ ಗರಿಯ ಪಕ್ಕ ಇಟ್ಟು, ಏನೂ ಹೇಳದೆ, ವ್ಯತ್ಯಾಸ ಏನು ಎಂದು ಕೇಳುತ್ತೇವೆ. ದಾಖಲೆ ಹಾಳೆಯಲ್ಲಿ ‘ಕಾರಣ’ ಎಂಬ ಜಾಗ ಈಗಿಲ್ಲ. ಅಲ್ಲಿ ‘ಎಲ್ಲಿ ಸಿಕ್ಕಿತು’ ಎಂದಿದೆ.